ಸಕ್ಕರೆ ಡಬ್ಬಿಯ ರೆಕ್ಕೆಗಳು

ಖಮೀಸ್ ಮೀನು ಹಿಡಿಯುವ ಕೂಣಿಯ ಬಾಯಿ ಬಿಚ್ಚಿ ದೋಣಿಯೊಳಕ್ಕೆ ಸುರಿದ. ಬಿದ್ದದ್ದೆಲ್ಲ ಏಡಿಯೇ. ನೀಲಿ ಕಾಲು ಬಡಿಯುತ್ತ, ಒಂದರ ಮೇಲೊಂದು ಹತ್ತುತ್ತ, ದೋಣಿಯ ತಳದಲ್ಲಿ ಅವು ಮಳೆ ಹೊಯ್ದ ಹಾಗೆ ಸದ್ದು ಮಾಡಿದವು. ನಡುವೆ ಒಂದೇ ಒಂದು ಮೀನು ಇತ್ತು; ಅದರಲ್ಲಿಯೂ ತಲೆ ಮಾತ್ರ ಉಳಿದಿತ್ತು.

ದೋಣಿಯ ಮುಂಭಾಗದಲ್ಲಿ ಸಿಹಾಮ್ ಕೂತಿದ್ದಳು. ಎದುರು ದಡದ ಸ್ಫಾಕ್ಸ್ ಪಟ್ಟಣದಿಂದ ಹಿಂದಿನ ಸಂಜೆ ಹಡಗಿನಲ್ಲಿ ಬಂದವಳು. ಕರಾವಳಿಯುದ್ದಕ್ಕೂ ಈ ಪರದೇಶಿ ಏಡಿ ಎಲ್ಲೆಲ್ಲಿ ಎಷ್ಟು ಬೆಳೆದಿದೆ ಎಂದು ನೋಡಿ ಹೇಳುವುದು ಅವಳ ಕೆಲಸ. ಒಂದೊಂದೇ ಏಡಿಯನ್ನು ಹಿಡಿದು, ಚಿಪ್ಪಿನ ಅಗಲ ಅಳೆದು, ಹೊಟ್ಟೆ ತಿರುಗಿಸಿ ಗಂಡೋ ಹೆಣ್ಣೋ ನೋಡಿ, ಕೊರಳಿಗೆ ನೇತುಹಾಕಿದ ಫೋನಿಗೆ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಅವಳು ಅಳೆದು ಬದಿಗಿಟ್ಟದ್ದನ್ನು ಖಮೀಸ್ ತಾನೂ ಒಮ್ಮೆ ತಿರುಗಿಸಿ ನೋಡುತ್ತಿದ್ದ. ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಮೊಟ್ಟೆಯ ಗೊಂಚಲು ಹೊತ್ತ ಹೆಣ್ಣುಗಳನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಸಮುದ್ರದಲ್ಲಿ ಗರಿ ನೆಟ್ಟು ಕಟ್ಟಿದ ಬೇಲಿಯ ಆಚೆ ನೀರಿಗೆ ಬಿಡುತ್ತಿದ್ದ.

"ಹೋಗು ತಾಯಿ," ಎನ್ನುತ್ತಿದ್ದ ಪ್ರತಿಯೊಂದಕ್ಕೂ.

ಸಿಹಾಮ್ ನೋಡಿದಳು. ಮತ್ತೆ ಅಳತೆಗೆ ತೊಡಗಿದಳು.

ಪಕ್ಕದ ಬೇಲಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಲಜ್ಹರ್ ಸುಮ್ಮನಿರುವ ಗಂಡಸಲ್ಲ. ಹರಿದ ಬಲೆಯೊಂದನ್ನು ಎತ್ತಿ ಹಿಡಿದು ಅದರ ತೂತಿನೊಳಗಿಂದಲೇ ಮುಖ ತೋರಿಸಿ ಕೂಗಿದ: "ಖಮೀಸಣ್ಣ, ನಿನ್ನ ಬಾಣಂತಿಯರು ಇಲ್ಲೇ ಬಂದು ಊಟ ಮಾಡಿದಾರೆ ನೋಡು. ಬಲೇನೂ ಬಿಟ್ಟಿಲ್ಲ. ಸಾಕಿದ ಮೇಲೆ ನಿನ್ನ ಮನೇಲೇ ಊಟ ಹಾಕ್ಬಾರ್ದಾ?"

"ಸಮುದ್ರ ದೇವರದ್ದು ಲಜ್ಹರ್. ಯಾರಿಗೆ ಎಲ್ಲಿ ಊಟ ಅಂತ ಅವನೇ ಬರೀತಾನೆ."

"ಬರೀತಾನಪ್ಪ. ಆದ್ರೆ ನನ್ನ ತಟ್ಟೆ ಮೇಲೆ ಯಾಕೆ ಬರೀತಾನೆ ಅಂತ ಕೇಳ್ತಿದೀನಿ."

ಸಿಹಾಮ್ ನಕ್ಕುಬಿಟ್ಟಳು. ಖಮೀಸನಿಗೂ ತುಟಿಯಂಚು ಅಲುಗಿತು. ಅಷ್ಟರಲ್ಲಿ ಲಜ್ಹರ್ ಬಲೆಯನ್ನು ಕೆಳಗಿಳಿಸಿ, ಈ ಸಲ ತಮಾಷೆಯಿಲ್ಲದ ದನಿಯಲ್ಲಿ ಹೇಳಿದ: "ಕೇಳು, ಈ ಬೇಸಿಗೆ ಕಳೆದ ಮೇಲೆ ನಾನು ಗರಿ ನೆಡಲ್ಲ. ನಿರ್ಧಾರ ಮಾಡಿಬಿಟ್ಟೆ. ನನ್ನದು ಬಿದ್ರೆ ನಿನ್ನದೂ ನಿಲ್ಲಲ್ಲ, ಗೊತ್ತಲ್ಲ."

ಖಮೀಸನಿಗೆ ಗೊತ್ತಿತ್ತು. ಕೆರ್ಕೆನ್ನಾ ದ್ವೀಪದವರಿಗೆ ಸಮುದ್ರವೂ ಹೊಲದ ಹಾಗೆ. ಇಲ್ಲಿಂದ ಅಲ್ಲಿಯವರೆಗೆ ಈ ಮನೆಯದು, ಅಲ್ಲಿಂದಾಚೆ ಆ ಮನೆಯದು ಎಂದು ಅಜ್ಜಂದಿರ ಕಾಲದಿಂದ ಗಡಿ ಇದೆ. ಪ್ರತಿ ವರ್ಷ ಬೇಸಿಗೆ ಕಳೆದ ಮೇಲೆ ಖರ್ಜೂರದ ಗರಿಗಳನ್ನು ಸಾಲಾಗಿ ನೀರಿನ ತಳದಲ್ಲಿ ನೆಟ್ಟು ಬೇಲಿ ಕಟ್ಟುತ್ತಾರೆ. ಇಳಿತದ ನೀರಿನೊಡನೆ ತೇಲಿಬಂದ ಮೀನು ಆ ಬೇಲಿಯಗುಂಟ ಸಾಗಿ, ಕೊನೆಯಲ್ಲಿ ಕಟ್ಟಿದ ಕೂಣಿಗೆ ತಾನಾಗಿಯೇ ಬಂದು ಬೀಳುತ್ತದೆ. ಇದಕ್ಕೆ ಅವರು ಶರ್ಫಿಯ ಎನ್ನುತ್ತಾರೆ. ಒಬ್ಬನ ಬೇಲಿ ಇನ್ನೊಬ್ಬನ ಬೇಲಿಗೆ ಆನಿಕೆ. ಲಜ್ಹರನ ಕಡೆಯ ಸಾಲು ಇಲ್ಲದಿದ್ದರೆ ಚಳಿಗಾಲದ ಸೆಳೆತಕ್ಕೆ ಖಮೀಸನ ಗರಿಗಳು ಕಿತ್ತುಹೋಗುತ್ತವೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ ಬಂದ ಈ ತುಂಡು ಸಮುದ್ರ ಅವನೊಡನೆಯೇ ಮುಗಿಯುತ್ತದೆ ಎಂದು ಅವನು ಎರಡು ವರ್ಷದಿಂದ ತಿಳಿದಿದ್ದ. ಆದರೆ ಕಣ್ಣೆದುರೇ, ತಾನು ಬದುಕಿರುವಾಗಲೇ, ಏಡಿಯ ಬಾಯಿಗೆ ಸಿಕ್ಕಿ ಮುಗಿಯುತ್ತದೆ ಎಂದು ತಿಳಿದಿರಲಿಲ್ಲ.

ಮುಂದಿನ ಏಡಿಯನ್ನು ತಿರುಗಿಸಿದ. ಮೊಟ್ಟೆ ಇತ್ತು.

"ಹೋಗು ತಾಯಿ," ಎಂದ.

*

ಬಸುರಿ ಜೀವವನ್ನು ಕೊಲ್ಲಬಾರದು ಎಂಬುದು ಆ ಊರಿನ ಹಳೆಯ ಮಾತು. ಮೊಟ್ಟೆಗೆ ಕಾವಲು ಕೂತ ಆಕ್ಟೋಪಸ್, ಅದನ್ನು ಹಿಡಿಯಲು ಸಮುದ್ರಕ್ಕಿಳಿಸಿದ ಮಡಕೆಯಲ್ಲಿ ಸಿಕ್ಕರೆ ಮಡಕೆ ಸಮೇತ ನೀರಿಗೆ ಇಳಿಸುತ್ತಿದ್ದರು. ಏಡಿ ಬಂದ ಹೊಸದರಲ್ಲಿ ಎಲ್ಲರೂ ಹಾಗೆಯೇ ಮಾಡಿದರು. ಬಲೆ ಹರಿಯತೊಡಗಿದ ಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಖಮೀಸ್ ಮಾತ್ರ ಬಿಡಲಿಲ್ಲ. ಅವನಿಗೆ ಅದು ಊರಿನ ಮಾತು ಮಾತ್ರ ಆಗಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು, ದೊರ್ಸಾಫ್. ಪಟ್ಟಣದಲ್ಲಿ ಓದಿದಳು, ಅಲ್ಲೇ ಮದುವೆಯಾದಳು, ಆದರೆ ವರ್ಷದಲ್ಲಿ ನಾಲ್ಕಾರು ಸಲ ಪತಂಗ ನೋಡುವುದಕ್ಕೆಂದೇ ತವರಿಗೆ ಬರುತ್ತಿದ್ದಳು. ನಾಡಿನ ಈ ಭಾಗದಲ್ಲಿ ಎಷ್ಟು ಬಗೆಯ ಪತಂಗಗಳಿವೆ ಎಂದು ತಿಳಿಯುವುದು ಅವಳ ಓದು. ಮನೆಯ ಹಿಂದಿನ ಉಪ್ಪುಬಯಲಿನ ಅಂಚಿಗೆ ಕಂಬ ನೆಟ್ಟು, ನೇರಳೆ ಬಣ್ಣದ ದೀಪ ಕಟ್ಟಿ, ಅದರ ಹಿಂದೆ ಬಿಳಿ ಬಟ್ಟೆ ಹರಡಿ ಕೂರುತ್ತಿದ್ದಳು. ಬಟ್ಟೆಯ ಮೇಲೆ ಕೂತ ಒಂದೊಂದನ್ನೂ ಅಪ್ಪನಿಗೆ ತೋರಿಸುತ್ತಿದ್ದಳು. ಒಮ್ಮೆ ಬೂದಿ ಬಣ್ಣದ, ಬೆರಳ ಉಗುರಿನಷ್ಟು ಚಿಕ್ಕದೊಂದನ್ನು ತೋರಿಸಿ, "ಅಪ್ಪಾ, ಇದರ ರೆಕ್ಕೇಲಿ ಬೆಳ್ಳಿ ಗೆರೆ ಇದೆ ನೋಡು. ಇದನ್ನ ಬೇರೆಲ್ಲೂ ಯಾರೂ ನೋಡಿಲ್ಲ. ನಮ್ಮನೆ ಹಿತ್ತಲಲ್ಲೇ ಇರೋದು," ಎಂದಿದ್ದಳು. ಅದನ್ನು ಹೇಳುವಾಗ ಅವಳು ಐದು ತಿಂಗಳ ಬಸುರಿ.

ಎಂಟನೆಯ ತಿಂಗಳಲ್ಲಿ, ತವರಿನಲ್ಲಿಯೇ ಇದ್ದಾಗ, ಒಂದು ಬೆಳಗ್ಗೆ ಅವಳಿಗೆ ರಕ್ತ ಹೋಗತೊಡಗಿತು. ಆ ದಿನ ಬಿರುಗಾಳಿ. ಹಡಗು ಬಿಡುವಂತಿರಲಿಲ್ಲ. ದಕ್ಕೆಯಲ್ಲಿ, ಗಾಡಿಯೊಳಗೆ, ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಗಾಳಿ ನಿಲ್ಲುವುದನ್ನು ಕಾಯುತ್ತ ದೊರ್ಸಾಫ್ ಹೋದಳು. ಮಗುವೂ ಅವಳೊಳಗೇ ಹೋಯಿತು. ಇಬ್ಬರನ್ನೂ ಒಂದೇ ಗುಂಡಿಯಲ್ಲಿ ಇಟ್ಟರು.

ಮಣ್ಣು ಕೊಡುವಾಗ ಖಮೀಸ್ ಕೈಯಲ್ಲಿ ಹಿಡಿ ಮಣ್ಣು ಹಿಡಿದೇ ದೇವರಿಗೆ ಆಣೆಯಿಟ್ಟ: ಒಡಲಲ್ಲಿ ಜೀವ ಹೊತ್ತ ಯಾವುದನ್ನೂ ಇನ್ನು ನನ್ನ ಕೈಯಿಂದ ಕೊಲ್ಲುವುದಿಲ್ಲ. ಬೇಡಿ ಪಡೆಯುವುದಕ್ಕೆ ಏನೂ ಉಳಿದಿರದವನು ಕೊಡುವುದಕ್ಕೆ ಏನಾದರೂ ಹುಡುಕುತ್ತಾನೆ. ಅವನಿಗೆ ಅದು ಸಿಕ್ಕಿತ್ತು.

*

ಸಿಹಾಮ್ ದೊರ್ಸಾಫಳ ಜೊತೆಗೆ ಓದಿದವಳು. ಒಂದೇ ಕೋಣೆಯಲ್ಲಿದ್ದವರು. ಊಟಕ್ಕೆ ಕೂತಾಗ ಖಮೀಸನ ಹೆಂಡತಿ ಮೊಂಜಿಯಾ ಅವಳ ಬಟ್ಟಲಿಗೆ ಗೋಧಿನುಚ್ಚಿನ ಗಂಜಿಯನ್ನು ಎರಡನೆಯ ಸಲ ಬಡಿಸಿ, ಒಣಗಿಸಿದ ಆಕ್ಟೋಪಸ್ಸಿನ ದೊಡ್ಡ ತುಂಡನ್ನೆಲ್ಲ ಅವಳ ಕಡೆಗೇ ತಳ್ಳಿದಳು.

"ಸಾಕು ದೊಡ್ಡಮ್ಮ."

"ಏನು ಸಾಕು? ಅವಳೂ ಹೀಗೇ ಸಾಕು ಸಾಕು ಅಂತಿದ್ದಳು, ಆಮೇಲೆ ಪಾತ್ರೇಲೇ ಚಮಚ ಹಾಕ್ತಿದ್ದಳು. ನೀನು ಅವಳ ಹಾಗೆ ಪತಂಗದವಳಾ?"

"ಇಲ್ಲ ದೊಡ್ಡಮ್ಮ, ನಾನು ಏಡಿಯವಳು. ಪತಂಗ ಅವಳದ್ದು. ಅರ್ಧಕ್ಕೆ ನಿಂತುಹೋಯ್ತಲ್ಲ, ಬೇರೆ ಯಾರೂ ತಗೊಳ್ಳಲಿಲ್ಲ. ಅದನ್ನ ನಾನೇ ಮುಗಿಸ್ತೀನಿ ಅಂತ..." ಸಿಹಾಮ್ ಬಟ್ಟಲಿನೊಳಗೆ ನೋಡುತ್ತ ಹೇಳಿದಳು. "ಆ ಬೆಳ್ಳಿ ಗೆರೆಯದ್ದು ಒಂದು ಸಿಕ್ಕಿಬಿಟ್ರೆ ಸಾಕು. ಅವಳ ಹೆಸರಲ್ಲಿ ಅದನ್ನ ಪಟ್ಟಿಗೆ ಸೇರಿಸಬಹುದು."

ಮೊಂಜಿಯಾಳ ಮುಖ ಅರಳಿತು. "ಸಿಗದೆ ಏನು? ನಮ್ಮನೇಗೆ ಬರೋವಷ್ಟು ಪತಂಗ ಊರಲ್ಲಿ ಯಾರ ಮನೆಗೂ ಬರಲ್ಲ. ದೀಪ ಇದೆಯಲ್ಲ."

ಹೊರಗೆ ಸಂಜೆಯಾಗಿತ್ತು. ಖಮೀಸ್ ಎದ್ದು ಹೋಗಿ ಗುಂಡಿ ಒತ್ತಿದ. ಹಿತ್ತಲ ಕಂಬದಲ್ಲಿ ನೇರಳೆ ಬೆಳಕು ಹತ್ತಿಕೊಂಡಿತು. ಆ ದೊಡ್ಡ ಬಯಲಿನಲ್ಲಿ, ಊರಿನಿಂದ ಒಂದಿಷ್ಟು ದೂರ ಇದ್ದ ಆ ಮನೆಗೆ, ಅದೊಂದೇ ಹೊರದೀಪ. ಮಸೀದಿಯಿಂದ ಹಿಂತಿರುಗುವಾಗ ಖಮೀಸ್ ಅದನ್ನೇ ನೋಡಿಕೊಂಡು ನಡೆಯುತ್ತಿದ್ದ. ಹೊತ್ತು ಮೀರಿ ದಡಕ್ಕೆ ಬರುವ ದೋಣಿಗಳೂ ಅದನ್ನೇ ಗುರುತಿಟ್ಟುಕೊಂಡಿದ್ದವು.

"ಇದು ದಿನಾ ಉರಿಯುತ್ತಾ ದೊಡ್ಡಪ್ಪ?" ಸಿಹಾಮ್ ಬಾಗಿಲಲ್ಲಿ ನಿಂತು ಕೇಳಿದಳು.

"ಅವಳು ಹೋದಾಗಿನಿಂದ ಒಂದು ದಿನವೂ ತಪ್ಪಿಲ್ಲ," ಎಂದ ಖಮೀಸ್. ಆ ದನಿಯಲ್ಲಿ ಹೆಮ್ಮೆಯಿತ್ತು. "ರಮದಾನಿನಲ್ಲಿ ಕರೆಂಟು ಹೋದಾಗ ಲಜ್ಹರನ ಮನೆಯ ಯಂತ್ರ ತಂದು ಉರಿಸಿದ್ದೆ."

"ಬೆಳಗಾಗೋವರೆಗೂ?"

"ಫಜರ್ ನಮಾಜಿಗೆ ಎದ್ದಾಗ ಆರಿಸ್ತೀನಿ."

ಸಿಹಾಮ್ ದೀಪದತ್ತ ಬರುತ್ತಿದ್ದ ಹುಳುಗಳ ಕಡೆ ನೋಡಿದಳು.

ರಾತ್ರಿ ಮನೆಯೊಳಗೆ ಬರುವ ಪತಂಗವನ್ನು ಆ ಕಡೆಯವರು ಹೊಡೆಯುವುದಿಲ್ಲ. ಶುಭವಾರ್ತೆ ತರುವವನು ಎಂದು ಕೆಲವರು, ಸತ್ತವರು ಮನೆ ನೋಡಲು ಬಂದದ್ದು ಎಂದು ಕೆಲವರು. ಖಮೀಸ್ ಓದಿದ ಕಿತಾಬುಗಳಲ್ಲಿ ಎರಡನೆಯದು ಇರಲಿಲ್ಲ, ಅವನು ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಆದರೆ ಮೊಂಜಿಯಾ ಹೇಳಿದಾಗ ತಡೆಯುತ್ತಿರಲಿಲ್ಲ. ದೀಪದ ಸುತ್ತ ಸುತ್ತುವ ಬಿಳಿ ಚುಕ್ಕೆಗಳನ್ನು ನೋಡುತ್ತ ಅವರಿಬ್ಬರೂ ಎಷ್ಟೋ ಸಂಜೆ ಮಾತಿಲ್ಲದೆ ಕೂತಿದ್ದುಂಟು.

*

ಸಿಹಾಮ್ ಪತಂಗ ಹಿಡಿಯುವ ಪೆಟ್ಟಿಗೆಗಳನ್ನು ಬಯಲಿನ ಬೇರೆ ಬೇರೆ ಕಡೆ ಇಟ್ಟಿದ್ದಳು. ಒಳಗೆ ಮಂದ ಬೆಳಕು, ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳು. ಬೆಳಗಿನ ನಮಾಜು ಮುಗಿಸಿ ಖಮೀಸ್ ಅವಳ ಜೊತೆಗೆ ಹೋಗುತ್ತಿದ್ದ. ಅವಳು ಮುಚ್ಚಳ ತೆಗೆದು, ರಟ್ಟಿನ ಸಂದಿಯಲ್ಲಿ ನಿದ್ದೆ ಹೋದ ಹುಳುಗಳನ್ನು ನೋಡಿ, ಹೆಸರು ಹೇಳಿ, ಗಿಡದ ಬುಡಕ್ಕೆ ಮೆಲ್ಲಗೆ ಕೊಡವುತ್ತಿದ್ದಳು. ದೂರದ ಖರ್ಜೂರದ ತೋಪಿನ ಪೆಟ್ಟಿಗೆಗಳಲ್ಲಿ ಹುಳು ತುಂಬಿರುತ್ತಿದ್ದವು. ಮನೆಯ ಹಿಂದಿನ ಉಪ್ಪುಬಯಲಿನಲ್ಲಿ, ಬೆಳ್ಳಿ ಗೆರೆಯದು ತಿಂದು ಬೆಳೆಯುವ ಉಪ್ಪುಗಿಡಗಳ ನಡುವೆ ಇಟ್ಟ ಪೆಟ್ಟಿಗೆಗಳು ಹೆಚ್ಚುಕಡಿಮೆ ಖಾಲಿ. ಒಂದು ಬೆಳಗ್ಗೆ ಆಯಿತು, ಎರಡಾಯಿತು. ಮೂರನೆಯ ಬೆಳಗ್ಗೆ ಅವಳು ಮುಚ್ಚಳ ತೆಗೆದು ನೋಡಿ, ಮೊಣಕಾಲೂರಿ ಹಾಗೆಯೇ ಕೂತುಬಿಟ್ಟಳು.

"ಇಲ್ವಾ ಮಗಳೇ?"

"ಇಲ್ಲ ದೊಡ್ಡಪ್ಪ."

"ದೇವರು ಬಚ್ಚಿಟ್ಟಿರ್ತಾನೆ. ಸಿಗುತ್ತೆ."

ಆ ದಿನವೇ ದೋಣಿಯಲ್ಲಿ, ಅವನು ಮೊಟ್ಟೆಯ ಏಡಿಯೊಂದನ್ನು ನೀರಿಗೆ ಬಿಡಲು ಬಗ್ಗಿದಾಗ, ಸಿಹಾಮ್ ಅವನ ತೋಳಿನ ಮೇಲೆ ಕೈಯಿಟ್ಟಳು.

"ಇದನ್ನ ಬಿಡಬೇಡಿ ದೊಡ್ಡಪ್ಪ. ದಕ್ಷಿಣದಿಂದ ಉತ್ತರದ ತನಕ ನೋಡ್ಕೊಂಡು ಬಂದಿದೀನಿ. ನಿಮ್ಮ ಬೇಲಿ ಸುತ್ತ ಇರೋಷ್ಟು ಮರಿ ಏಡಿ ಎಲ್ಲೂ ಇಲ್ಲ. ಈ ಒಂದರ ಹೊಟ್ಟೇಲಿ ಲಕ್ಷಗಟ್ಟಲೆ ಇದಾವೆ. ಇವಕ್ಕೆ ಇಲ್ಲಿ ಶತ್ರುಗಳೇ ಇಲ್ಲ. ನಿಮ್ಮ ಮೀನು, ಅದರ ಮರಿ, ಆಕ್ಟೋಪಸ್ಸು, ಎಲ್ಲ ಇವುಗಳ ಪಾಲು."

"ನಂಗೂ ಕಣ್ಣಿದೆ ತಾಯಿ."

"ಹಾಗಿದ್ರೆ?"

"ಆಣೆ ಇದೆ." ಅವನು ಏಡಿಯನ್ನು ಬಿಟ್ಟ. ಅದು ಓರೆಯಾಗಿ ಈಜಿ ಗರಿಗಳ ನೆರಳಿಗೆ ಸೇರಿಕೊಂಡಿತು. "ನೀನು ಅವಳ ಗೆಳತಿ. ಯಾವ ಆಣೆ, ಯಾವಾಗ ಇಟ್ಟದ್ದು ಅಂತ ನಾನು ಹೇಳಬೇಕಾಗಿಲ್ಲ. ಮೀನು ಹೋದ್ರೆ ಹೋಗ್ಲಿ. ಬೇಲಿ ಹೋದ್ರೂ ಹೋಗ್ಲಿ. ಅವಳಿಗೆ ಅಂತ ಕೊಟ್ಟದ್ದು ಇದೊಂದೇ. ಇದನ್ನೂ ವಾಪಸ್ ತಗೊಳ್ಳಲಾ?"

ಸಿಹಾಮ್ ಮುಂದಿನ ಏಡಿಯನ್ನು ಎತ್ತಿ ಅಳೆದಳು.

*

ಮನೆಗೆ ಬಂದಾಗ ಮೊಂಜಿಯಾ ಹಿತ್ತಲ ಕಂಬದ ಬುಡ ಗುಡಿಸುತ್ತಿದ್ದಳು. ಗುಡಿಸುವುದೆಂದರೆ ಪೊರಕೆಯಿಂದಲ್ಲ, ಕುಕ್ಕರಗಾಲಲ್ಲಿ ಕೂತು, ಕೋಳಿಯ ಪುಕ್ಕವೊಂದರಿಂದ ಮೆಲ್ಲಗೆ ಒತ್ತರಿಸಿ, ಬಿದ್ದದ್ದನ್ನು ಹಸ್ತದ ಮೇಲೆ ತೆಗೆದುಕೊಳ್ಳುತ್ತಿದ್ದಳು. ಗೋಡೆಯ ಮೇಲೆ ಹಲ್ಲಿಗಳು ಬಿಸಿಲು ಕಾಯುತ್ತಿದ್ದವು. ಅಷ್ಟು ದಪ್ಪನೆಯ ಹಲ್ಲಿಗಳನ್ನು ಸಿಹಾಮ್ ಬೇರೆಲ್ಲೂ ಕಂಡಿರಲಿಲ್ಲ.

"ನಿನಗೊಂದು ತೋರಿಸ್ತೀನಿ ಬಾ," ಎಂದಳು ಮೊಂಜಿಯಾ. "ಊರವರಿಗೆ ತೋರಿಸಿಲ್ಲ. ಆ ಮುದುಕಿ ಫತ್ತೂಮಾಗೆ ತೋರಿಸಿದ್ರೆ ನಂಗೆ ತಲೆ ಕೆಟ್ಟಿದೆ ಅಂತ ಮೂರು ಹಳ್ಳಿಗೆ ಸಾರ್ತಾಳೆ. ನೀನು ನಗಲ್ಲ."

ಒಳಗೆ ಗೂಡಿನಲ್ಲಿ, ಕುರಾನಿನ ಪಕ್ಕದಲ್ಲಿ, ಹಳೆಯ ಸಕ್ಕರೆ ಡಬ್ಬಿಯೊಂದಿತ್ತು. ಮೊಂಜಿಯಾ ಅದನ್ನು ಬಿಸ್ಮಿಲ್ಲಾ ಹೇಳಿ ಇಳಿಸಿ, ಮುಚ್ಚಳ ತೆಗೆದು ಹುಡುಗಿಯ ಮಡಿಲಲ್ಲಿ ಇಟ್ಟಳು. ತುಂಬ ರೆಕ್ಕೆಗಳು. ಕಂದು, ಬಿಳಿ, ಹುಲ್ಲಿನ ಬಣ್ಣ, ಬೂದಿ. ಒಂದಕ್ಕೊಂದು ತಾಗಿ ನವಿರಾದ ಪುಡಿಯಾಗುತ್ತಿದ್ದ ಸಾವಿರ ಸಾವಿರ ರೆಕ್ಕೆಗಳು, ಮೈ ಇಲ್ಲದವು.

"ಬಂದು ಹೋದವರು ಬಟ್ಟೆ ಕಳಚಿ ಹೋಗ್ತಾರೆ. ಹಿಂದಿರುಗೋವಾಗ ಅವರಿಗೆ ಇದು ಬೇಡ ಅಂತ ಕಾಣುತ್ತೆ," ಎಂದಳು ಮೊಂಜಿಯಾ. "ಎಲ್ಲ ಅವಳೇ ಅಂತ ಹೇಳಲ್ಲ. ಆದ್ರೆ ಇಷ್ಟರಲ್ಲಿ ಒಂದಾದ್ರೂ ಅವಳಿರಲ್ವಾ?"

ಸಿಹಾಮ್ ಕೊರಳಿನ ಭೂತಗನ್ನಡಿಯನ್ನು ತೆಗೆದು ಕಣ್ಣಿಗೆ ಹಿಡಿದಳು. ಚಿಮಟದಿಂದ ಒಂದು ಬೂದಿ ಬಣ್ಣದ ರೆಕ್ಕೆಯನ್ನು ಎತ್ತಿದಳು. ಇನ್ನೊಂದು ಎತ್ತಿದಳು. ಆಮೇಲೆ ಬೆರಳಿನಿಂದಲೇ ಮೇಲಿನ ಪದರವನ್ನು ಸರಿಸಿದಳು. ಕೆಳಗೂ ಅವೇ. ಉಗುರಿನಷ್ಟು ಚಿಕ್ಕವು, ನಡುವೆ ಬೆಳ್ಳಿ ಗೆರೆ. ಮೂರು ಬೆಳಗ್ಗೆ ಬಯಲಿನಲ್ಲಿ ಹುಡುಕಿದ್ದು ಹಿಡಿಗಟ್ಟಲೆ ಈ ಡಬ್ಬಿಯಲ್ಲಿತ್ತು.

ಅವಳ ಕಣ್ಣು ತುಂಬಿ ಗಾಜು ಮಸುಕಾಯಿತು.

"ಯಾಕೆ ಮಗಳೇ? ಅವಳು ಬರ್ತಾ ಇದಾಳೆ ಅಂದ್ರೆ ಸಂತೋಷ ಪಡೋದಲ್ವಾ? ಅಳ್ತಾರಾ?" ಮೊಂಜಿಯಾ ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿದಳು.

ಖಮೀಸ್ ಹೊಸ್ತಿಲಲ್ಲಿ ನಿಂತು ಇದನ್ನು ನೋಡಿದ. ಅದು ಸಂತೋಷದ ಅಳುವಲ್ಲ ಎಂದು ತಿಳಿಯುವಷ್ಟು ಅಳು ಅವನು ಕಂಡಿದ್ದ. ಇಳಿಹೊತ್ತಿನ ಅಸರ್ ನಮಾಜಿನ ನಂತರ ಸಿಹಾಮ್ ದಡದಲ್ಲಿ ಅಳತೆಯ ಸಾಮಾನು ತೊಳೆಯುತ್ತಿದ್ದಾಗ ಹೋಗಿ ಎದುರಿಗೆ ಕೂತ.

"ಹೇಳು."

"ಏನಿಲ್ಲ ದೊಡ್ಡಪ್ಪ."

"ಮಗಳನ್ನ ಮಣ್ಣಿಗಿಟ್ಟವನಿಗೆ ಇನ್ನು ಯಾವ ಮಾತು ಭಾರ ಆಗುತ್ತೆ? ಹೇಳು."

ಅವಳು ನೀರಿನಿಂದ ಕೈ ತೆಗೆದು ಒರೆಸಿಕೊಂಡಳು. ಆಮೇಲೆ ಹೇಳಿದಳು. ಪತಂಗಕ್ಕೆ ರೆಕ್ಕೆ ಬಂದ ಮೇಲೆ ಬದುಕು ಕೆಲವೇ ದಿನ. ಆ ದಿನಗಳಲ್ಲಿ ಅದಕ್ಕಿರುವುದು ಒಂದೇ ಕೆಲಸ. ಜೊತೆ ಹುಡುಕಿ ಮೊಟ್ಟೆಯಿಡುವುದು. ದೀಪ ಕಂಡರೆ ಅದು ಕೆಲಸ ಮರೆಯುತ್ತದೆ. ಸುತ್ತುತ್ತದೆ, ಬಳಲುತ್ತದೆ, ಹಲ್ಲಿಗೆ ಸಿಗುತ್ತದೆ. ಹಲ್ಲಿ ಮೈ ತಿಂದು ರೆಕ್ಕೆ ಬಿಡುತ್ತದೆ. ದೊರ್ಸಾಫ್ ದೀಪ ಹಚ್ಚುತ್ತಿದ್ದದ್ದು ವರ್ಷದಲ್ಲಿ ನಾಲ್ಕಾರು ರಾತ್ರಿ, ಅದೂ ಒಂದಿಷ್ಟು ಹೊತ್ತು. ಇದು ದಿನವೂ, ಬೆಳಗಿನ ತನಕ, ಎರಡು ವರ್ಷ.

"ಹೆಣ್ಣುಗಳೂ ಬರ್ತವಾ?" ಖಮೀಸ್ ಕೇಳಿದ.

"ಬರ್ತವೆ."

"ಮೊಟ್ಟೆ ಹೊತ್ತವು?"

ಸಿಹಾಮ್ ತಲೆ ತಗ್ಗಿಸಿದಳು. ಅದೇ ಉತ್ತರವಾಯಿತು.

ಸಮುದ್ರ ಇಳಿಯುತ್ತಿತ್ತು. ಗರಿಗಳ ಬುಡ ಒಂದೊಂದಾಗಿ ಕಾಣತೊಡಗಿತು. ಖಮೀಸ್ ತನ್ನ ಎರಡು ಕೈಗಳನ್ನು ನೋಡಿಕೊಂಡ. ಈ ಕೈಯಿಂದಲೇ ಪ್ರತಿ ಸಂಜೆ ಬಿಸ್ಮಿಲ್ಲಾ ಹೇಳಿ ಗುಂಡಿ ಒತ್ತಿದ್ದ.

"ಇನ್ನು ಒಂದಾದ್ರೂ ಉಳಿದಿರಬಹುದಾ ಬಯಲಲ್ಲಿ?"

"ಗೊತ್ತಿಲ್ಲ ದೊಡ್ಡಪ್ಪ. ಉಳಿದಿದ್ರೆ, ಕತ್ತಲೆ ಸಿಕ್ಕಿದ್ರೆ, ಬರುವ ವಸಂತದಲ್ಲಿ ಗೊತ್ತಾಗುತ್ತೆ."

*

ಅಲ್ಲಿಂದ ಅವನು ನೇರ ಮಸೀದಿಗೆ ಹೋದ. ಶೇಖ್ ತೈಯಬ್ ಅಂಗಳದಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಊರಿನ ಇಮಾಮ, ಖಮೀಸನ ಜೊತೆಗೇ ಬೆಳೆದವನು. ಎಲ್ಲವನ್ನೂ ಕೇಳಿದ. ನಡುವೆ ದಾರ ಕತ್ತರಿಸಲು ಹಲ್ಲು ಬಳಸಿದ್ದು ಬಿಟ್ಟರೆ ಬಾಯಿ ತೆರೆಯಲಿಲ್ಲ.

"ಆಣೆ ಇಟ್ಟದ್ದಕ್ಕಿಂತ ಒಳ್ಳೇದು ಬೇರೆ ಕಂಡ್ರೆ ಒಳ್ಳೇದನ್ನ ಮಾಡು, ಆಣೆಗೆ ಪರಿಹಾರ ಕೊಡು. ಇದು ನನ್ನ ಮಾತಲ್ಲ, ನಿನಗೂ ಗೊತ್ತಿರೋ ಮಾತು. ಹತ್ತು ಜನ ಬಡವರಿಗೆ ಊಟ ಹಾಕು."

"ಅಷ್ಟೇನಾ?"

"ಅಷ್ಟೇ ಅಂತ ತಿಳೀಬೇಡ. ನಮ್ಮೂರಲ್ಲಿ ತಾನು ಬಡವ ಅಂತ ಒಪ್ಪಿಕೊಳ್ಳೋ ಹತ್ತು ಜನ ಹುಡುಕೋದು ಹಜ್ ಮಾಡೋದಕ್ಕಿಂತ ಕಷ್ಟ."

ಖಮೀಸ್ ನಗಲಿಲ್ಲ. "ನಾನು ಕರುಣೆ ಅಂದ್ಕೊಂಡಿದ್ದೆ ತೈಯಬ್."

ಶೇಖ್ ಚಪ್ಪಲಿಯನ್ನು ಕೆಳಗಿಟ್ಟ. "ಕರುಣೆನೇ. ದುಃಖದವನ ಕರುಣೆ. ಅದಕ್ಕೆ ತನ್ನ ಗಾಯ ಮಾತ್ರ ಕಾಣುತ್ತೆ. ದೇವರು ಎಲ್ಲಾ ನೋಡ್ತಾನೆ, ಅದಕ್ಕೇ ಅವನಿಗೆ ಕರುಣಾಮಯ ಅಂತ ಹೆಸರು, ನಮಗಲ್ಲ. ಹೋಗು. ಮೊದಲು ಮೊಂಜಿಯಾಗೆ ಹೇಳು. ಅದು ಕಷ್ಟದ ಕೆಲಸ."

ಅದು ಕಷ್ಟದ ಕೆಲಸವೇ ಆಯಿತು. ಸಂಜೆಯಾಯಿತು, ಅವನು ಗುಂಡಿಯ ಬಳಿಗೆ ಹೋಗಲಿಲ್ಲ. ಮೊಂಜಿಯಾ ಒಳಗಿನಿಂದಲೇ, "ದೀಪ ಹೋಯ್ತಾ? ಲಜ್ಹರನ್ನ ಕರೀರಿ," ಎಂದಳು.

"ಹೋಗಿಲ್ಲ. ನಾನು ಹಚ್ಚಿಲ್ಲ."

"ಯಾಕೆ? ಅವಳು ಹೇಗೆ ಬರ್ತಾಳೆ?"

ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಬಂದವರನ್ನೆಲ್ಲ ನಾವು ಕೊಂದ್ವಿ, ಮೊಂಜಿಯಾ," ಎಂದುಬಿಟ್ಟ.

ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಪೂರ್ತಿ ಕೇಳಿಸಿಕೊಂಡು, ಡಬ್ಬಿಯನ್ನು ಗೂಡಿನಿಂದ ಇಳಿಸಿ ಮಡಿಲಲ್ಲಿ ಇಟ್ಟುಕೊಂಡು ಗೋಡೆಯ ಕಡೆಗೆ ತಿರುಗಿದಳು. ಆಮೇಲೆ ಅಡುಗೆ ಮಾಡಿದಳು, ಬಡಿಸಿದಳು, ಯಾರೊಡನೆಯೂ ಮಾತು ಮಾತ್ರ ಆಡಲಿಲ್ಲ. ಅವಳನ್ನು ಒಂಟಿ ಬಿಡಲಾರದೆ ಖಮೀಸ್ ಆ ದಿನಗಳಲ್ಲೆಲ್ಲ ಸಂಜೆಯ ನಮಾಜನ್ನೂ ಮನೆಯಲ್ಲಿಯೇ ಮಾಡಿದ. ಸಿಹಾಮ್, ತಪ್ಪು ತನ್ನದೇ ಎಂಬಂತೆ, ಸದ್ದಾಗದ ಹಾಗೆ ಓಡಾಡುತ್ತಿದ್ದಳು.

*

ಶುಕ್ರವಾರ ಬೆಳಗ್ಗೆ ಕೂಣಿ ಸುರಿದಾಗ ಖಮೀಸ್ ಮೊದಲು ಗಂಡು ಏಡಿಗಳನ್ನು ಬುಟ್ಟಿಗೆ ಹಾಕಿದ. ಮೊಟ್ಟೆಯವು ದೋಣಿಯ ತಳದಲ್ಲಿ ಉಳಿದವು. ಒಂದನ್ನು ಎತ್ತಿ ತಿರುಗಿಸಿದ. ಗೊಂಚಲು ಕಿತ್ತಳೆಯಿಂದ ಕಂದು ಬಣ್ಣಕ್ಕೆ ತಿರುಗಿತ್ತು. ಮರಿ ಹೊರಬರುವ ದಿನ ಹತ್ತಿರ ಬಂದ ಗುರುತು. ಅದರ ಕಾಲುಗಳು ಅವನ ಮಣಿಕಟ್ಟಿನ ಮೇಲೆ ಆಸರೆ ಹುಡುಕಿದವು. ದಕ್ಕೆಯ ಗಾಡಿಯಲ್ಲಿ ದೊರ್ಸಾಫ್ ಹೀಗೆಯೇ ಅವನ ಮಣಿಕಟ್ಟು ಹಿಡಿದಿದ್ದಳು.

ಲಜ್ಹರ್ ಆ ಕಡೆಯಿಂದ ನೋಡುತ್ತಿದ್ದ.

ಖಮೀಸ್ ದೇವರ ಹೆಸರು ಹೇಳಿ ಚೂರಿಯ ಮೊನೆಯನ್ನು ಎದೆಯ ಚಿಪ್ಪಿನ ನಡುವೆ ಇಳಿಸಿದ. ಸರಿಯಾದದ್ದನ್ನೇ ಮಾಡಿದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಎದೆ ಹಗುರವಾಗಲಿಲ್ಲ. ಒಳ್ಳೆಯ ಕೆಲಸ ಮಾಡಿದರೆ ಎದೆ ಹಗುರವಾಗುತ್ತದೆ ಎಂದು ಚಿಕ್ಕವನಿದ್ದಾಗ ಕೇಳಿದ್ದ. ಅದು ಚಿಕ್ಕ ಒಳ್ಳೆಯ ಕೆಲಸಗಳಿಗೆ ಇರಬೇಕು. ಇನ್ನೊಂದನ್ನು ಎತ್ತಿದ. ಸಿಹಾಮ್ ಚೂರಿಗೆ ಕೈ ಚಾಚಿದಳು, ಅವನು ಕೊಡಲಿಲ್ಲ.

"ಇಷ್ಟರಿಂದ ಇವು ಮುಗಿಯಲ್ಲ ಅಲ್ವಾ?" ಕೊನೆಯಲ್ಲಿ ಕೇಳಿದ.

"ಮುಗಿಯಲ್ಲ ದೊಡ್ಡಪ್ಪ. ಒಂದಿಷ್ಟು ಕಡಿಮೆ ಆಗಬಹುದು. ಎಲ್ರೂ ಮಾಡಿದ್ರೆ."

"ಸರಿ," ಎಂದ.

ಮಧ್ಯಾಹ್ನ ಊಟಕ್ಕೆ ಕರೆದವರು ಬಂದರು. ಮೊಂಜಿಯಾ ಜೀರಿಗೆ, ಬೆಳ್ಳುಳ್ಳಿ, ಟೊಮೆಟೊ ಅರೆದು ಏಡಿಯ ಸಾರು ಮಾಡಿ ಕುಸ್ಕುಸಿನ ಮೇಲೆ ಹೊಯ್ದಿದ್ದಳು. ಮುದುಕಿ ಫತ್ತೂಮಾ ಒಂದು ಕಾಲನ್ನು ಮುರಿದು ಚೀಪುತ್ತ, "ಏಡಿ ತಿನ್ನಿಸಿ ನನ್ನನ್ನ ಬಡವಿ ಮಾಡಿದ್ರಲ್ಲ. ಕುರಿ ಕುಯ್ದಿದ್ರೆ ಇನ್ನೂ ಸಂತೋಷವಾಗಿ ಬಡವಿ ಆಗ್ತಿದ್ದೆ," ಎಂದಳು. ಆದರೂ ಬಟ್ಟಲನ್ನು ಎರಡು ಸಲ ಮುಂದೆ ಚಾಚಿದಳು.

ಎಣಿಸಿದರೆ ಒಂಬತ್ತೇ ಜನ ಇದ್ದರು. ಹತ್ತನೆಯವನಾಗಿ ಲಜ್ಹರ್ ಬಾಗಿಲಲ್ಲಿ ನಿಂತಿದ್ದ.

"ನೀನು ಬಡವನಲ್ಲ," ಎಂದ ಶೇಖ್ ತೈಯಬ್.

"ಇವನ ಬಾಣಂತಿಯರು ನನ್ನನ್ನ ಬಡವ ಮಾಡಿ ವರ್ಷ ಆಯ್ತು ಶೇಖ್. ಎಣಿಸಿಕೊಳ್ಳಿ." ಕೂತು, ಕೈ ತೊಳೆದು, ಬಟ್ಟಲನ್ನು ಎಳೆದುಕೊಂಡ. ಎರಡು ತುತ್ತು ತಿಂದ ಮೇಲೆ ಖಮೀಸನ ಕಡೆ ನೋಡದೆಯೇ ಹೇಳಿದ: "ಬೇಸಿಗೆ ಕಳೀಲಿ. ಗರಿ ಕಡಿಯೋಕೆ ಬಾ. ಒಂದು ವರ್ಷ ನೆಟ್ಟು ನೋಡೋಣ."

ಎಲ್ಲರೂ ದೊರ್ಸಾಫಳ ಹೆಸರಿನಲ್ಲಿ ಕೈಯೆತ್ತಿ ಬೇಡಿಕೊಂಡರು. ಮೊಂಜಿಯಾ ಬಡಿಸಿದಳು, ಎಲ್ಲರ ಬಟ್ಟಲು ತುಂಬಿತೇ ಎಂದು ನೋಡಿದಳು. ತಾನು ತಿನ್ನಲಿಲ್ಲ.

ಸಿಹಾಮ್ ಸಂಜೆಯ ಹಡಗಿಗೆ ಹೊರಟಳು. ಡಬ್ಬಿಯಿಂದ ಒಂದೇ ಒಂದು ಬೆಳ್ಳಿ ಗೆರೆಯ ರೆಕ್ಕೆಯನ್ನು ಕೇಳಿದಳು, ಗೆಳತಿಯ ಹೆಸರಿನ ಜೊತೆ ಇಡುವುದಕ್ಕೆ. ಮೊಂಜಿಯಾ ತಾನೇ ಆರಿಸಿ ಕೊಟ್ಟಳು. "ಬರುವ ವಸಂತಕ್ಕೆ ಬಾ," ಎಂದಳು. ಆ ದಿನಗಳಲ್ಲಿ ಅವಳಾಡಿದ ಮೊದಲ ಮಾತು ಅದು.

ಹುಡುಗಿಯನ್ನು ಗಾಡಿಗೆ ಹತ್ತಿಸಿ, ಖಮೀಸ್ ಎಷ್ಟೋ ದಿನದ ಮೇಲೆ ಸಂಜೆಯ ನಮಾಜಿಗೆ ಮಸೀದಿಗೆ ಹೋದ. ಹಿಂತಿರುಗುವಾಗ ಕತ್ತಲಾಗಿತ್ತು. ಬಾಯಲ್ಲಿ ಜಪ, ಕಾಲಿಗೆ ಗೊತ್ತಿದ್ದ ದಾರಿ. ನಡೆದ, ನಡೆದ. ಕಾಲ ಕೆಳಗೆ ಉಪ್ಪಿನ ಹೆಕ್ಕಳೆ ಮುರಿದು ಸದ್ದಾದಾಗ ನಿಂತ. ಇದು ಬಯಲು. ಮನೆ ಹಿಂದೆಯೇ ಉಳಿದಿತ್ತು. ಕಣ್ಣು ನೇರಳೆ ಬೆಳಕನ್ನು ಹುಡುಕುತ್ತ ಬಂದದ್ದರಿಂದ, ಹುಟ್ಟಿ ಬೆಳೆದ ಮನೆಯನ್ನು ಅವನು ದಾಟಿಬಂದಿದ್ದ.

ತಿರುಗಿ ನೋಡಿದ. ಎಲ್ಲ ಕಡೆ ಒಂದೇ ಕಪ್ಪು. ಒಳಗಿನ ದೀಪವನ್ನೂ ಮೊಂಜಿಯಾ ಹಚ್ಚಿರಲಿಲ್ಲ. ಉಪ್ಪುಗಿಡಗಳ ಮೇಲೆ ಗಾಳಿ ಆಡುತ್ತಿತ್ತು. ಅವುಗಳಲ್ಲಿ ಏನಾದರೂ ಹಾರುತ್ತಿದ್ದರೂ ಅವನಿಗೆ ಕಾಣುವಂತಿರಲಿಲ್ಲ. ಅವನಿಗೆ ಯಾವ ಕಡೆ ಹೆಜ್ಜೆಯಿಡಬೇಕೆಂದು ತಿಳಿಯಲಿಲ್ಲ. ಮಗಳು ಹೋದ ದಿನವೂ ಇಷ್ಟು ದಿಕ್ಕು ತಪ್ಪಿರಲಿಲ್ಲ.

"ಇಲ್ಲಿದೀನಿ," ಎಂಬ ದನಿ ಕೇಳಿತು ಕತ್ತಲೊಳಗಿಂದ. ಮೊಂಜಿಯಾ ಹಿತ್ತಲ ಕಂಬದ ಬುಡದಲ್ಲಿ ಕೂತಿದ್ದಳು. "ನಿಮ್ಮ ಹೆಜ್ಜೆ ಕೇಳಿಸ್ತು. ದಾಟಿ ಹೋದ್ರಿ. ಈ ಕಡೆ ಬನ್ನಿ."

ಅವನು ಆ ದನಿಯ ಕಡೆಗೆ, ಕೈ ಮುಂದೆ ಚಾಚಿ, ಕುರುಡನ ಹಾಗೆ ನಡೆದ.